ಇಮಾಮಸಾಬರ ಒರೆಸುವ ಅರಿವಿ

ಇಮಾಮಸಾಬರು ಯಾವ ಬಟ್ಟೆ ಸಿಕ್ಕರೂ ಮೊದಲು ಗಲ್ಲಕ್ಕೆ ತಿಕ್ಕಿ ನೋಡುತ್ತಿದ್ದರು. ಕಣ್ಣು ಮುಚ್ಚಿ, ಗಡ್ಡ ಸರಿಸಿ, ಕಿವಿಯ ಕೆಳಗಿನ ಮೆತ್ತನೆಯ ಜಾಗದಲ್ಲಿ ಮೇಲಿಂದ ಕೆಳಗೆ ಒಮ್ಮೆ ಎಳೆಯುವರು. "ಕೈ ಸ್ಟೇರಿಂಗ್ ಹಿಡದು ಹಿಡದು ಜಡ್ಡುಗಟ್ಟೈತಿ, ಅದು ಸುಳ್ಳು ಹೇಳತೈತಿ. ಗಲ್ಲ ಸುಳ್ಳು ಹೇಳೂದಿಲ್ಲವ್ವಾ" ಎನ್ನುವರು. ಆಮೇಲೆಯೇ ಆ ಬಟ್ಟೆ ಅವರ ಕರಿ ಅಂಬಾಸಿಡರ್ ಕಾರಿಗೆ ಯೋಗ್ಯವೋ ಅಲ್ಲವೋ ಎಂಬ ತೀರ್ಪು.

ನಾನು ಯಲಬುರ್ಗಾ ಕಡೆಯಿಂದ ಕುಷ್ಟಗಿಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ನಡುವೆ. ಗಂಡನ ಮನೆಗೂ ಸಾಬರ ಮನೆಗೂ ಒಂದೇ ಗೋಡೆ. ಅವರದು ಬಾಡಿಗೆ ಕಾರು. ಮದುವೆ, ಮುಂಜಿ, ಕೊಪ್ಪಳದ ದವಾಖಾನೆ ಎಂದು ದಿನವೆಲ್ಲ ಕೆಂಪು ಧೂಳಿನಲ್ಲಿ ಓಡಾಡಿ ಸಂಜೆ ಬಂದರೆ ಕಾರು ಯಾವ ಬಣ್ಣದ್ದೆಂದೇ ಗೊತ್ತಾಗುತ್ತಿರಲಿಲ್ಲ. ಆದರೂ ಅದರ ಮೇಲೆ ಒಂದು ಕೊಡ ನೀರು ಸುರಿದವರಲ್ಲ. ಸಣ್ಣ ಡಬ್ಬಿಯಲ್ಲಿ ಅಂಟುವಾಳ ನೆನೆಸಿದ ನೀರು, ಅದರಲ್ಲಿ ಅದ್ದಿ ಹಿಂಡಿದ ಅರಿವಿ, ಅಷ್ಟೇ. ಒಂದು ಎಳೆತ, ಮಡಿಕೆ ತಿರುವು, ಮತ್ತೊಂದು ಎಳೆತ. ಮತ್ತೆ ತೊಳೆಯುವ ಮಾತೇ ಇಲ್ಲ.

ಗಂಗಾವತಿ ಆಚೆ, ನೀರಾವರಿಯ ಸಿದ್ದಾಪುರದ ಕಡೆ ಬಾಡಿಗೆಗೆ ಹೋದಾಗ ಅಲ್ಲಿನ ಡ್ರೈವರುಗಳು ಗಾಡಿಗಳನ್ನು ಕಾಲುವೆಯಲ್ಲೇ ಇಳಿಸಿ ತೊಳೆಯುತ್ತಿದ್ದರಂತೆ. "ಸಾಬ, ನೀನೂ ಇಳಸೋ, ಪುಕ್ಕಟೆ ನೀರು" ಎಂದು ಕರೆದರೂ ಇವರು ಇಳಿಸಲಿಲ್ಲ. ಯಾಕೆಂದು ನಮ್ಮ ಅತ್ತೆ ಕೇಳಿದಾಗ, "ನಮ್ಮೂರಾಗ ಹೆಣ್ಮಕ್ಕಳು ಕೊಡಾ ಇಟ್ಕೊಂಡು ಬಾವಿ ಮುಂದ ನಿಂತಿರತಾರ. ಕಾಲುವ್ಯಾಗ ಮಿಂದ ಗಾಡಿ ತಗೊಂಡು ಅವರ ಎದುರು ಯಾವ ಮಾರಿ ಇಟ್ಕೊಂಡು ಹೋಗ್ಲಿ?" ಎಂದರು. ಹಾಗಿದ್ದರು ಅವರು. ಯಾರೂ ಹೊರಿಸದ ತಪ್ಪನ್ನೂ ತಾವೇ ಹುಡುಕಿ ಹೆಗಲಿಗೆ ಹಾಕಿಕೊಳ್ಳುವವರ ಪೈಕಿ.

ಅರಿವಿಗಳಲ್ಲಿ ಅವರಿಗೆ ಜಾತಿ ಪಂಕ್ತಿ ಇತ್ತು. ಹೊಸ ಬಟ್ಟೆ ಬೇಡವೇ ಬೇಡ, "ಅದು ಗಂಜಿ ಕುಡದು ಸೆಟದಿರತೈತಿ." ದಪ್ಪ ಟವೆಲ್ ಬೇಡ, "ಹೊಟ್ಟ್ಯಾಗ ಉಸುಕು ಇಟ್ಕೊಂಡು ಬಣ್ಣ ಗೀರತೈತಿ." ಅವರಿಗೆ ಬೇಕಾದದ್ದು ಉಟ್ಟುಟ್ಟು ಸವೆದ ನೂಲಿನ ಸೀರೆ, ಅದೂ ಅಂಚು ಕತ್ತರಿಸಿದ್ದು. ಎಲ್ಲಕ್ಕಿಂತ ಮೆತ್ತನೆಯದು ಗಾಜಿಗೆ ಮತ್ತು ಬಾನೆಟ್ಟಿಗೆ, ನಂತರದ್ದು ಬಾಗಿಲಿಗೆ, ಕಡೆಯದು ಚಕ್ರಕ್ಕೆ. ಚಕ್ರಕ್ಕೆ ಇಳಿದ ಅರಿವಿ ಹೊಳ್ಳಿ ಮೇಲೆ ಏರುವಂತಿಲ್ಲ. ನಮ್ಮ ಅತ್ತೆ ಹಳೆಯ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ಕಟ್ಟೆಯ ಮೇಲೆ ಇಟ್ಟರೆ, ಅವರು ನಮಾಜು ಮುಗಿಸಿ ಬರುವಾಗ ಎತ್ತಿಕೊಂಡು ಹೋಗುವರು.

ಆಗಿದ್ದೂ ಅದರಿಂದಲೇ. ನಮ್ಮ ಕಡೆ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ದಾರ ಹಾಕಿ ಕೌದಿ ಹೊಲಿಸುತ್ತಾರೆ. ಹುಟ್ಟಿದ ಕೂಸನ್ನು ಅಜ್ಜಿಯ ಸೀರೆ ಸೇರಿಸಿದ ಕೌದಿಯಲ್ಲಿ ಮಲಗಿಸಬೇಕು, ಅಜ್ಜಿಯ ಮೈಕಾವು ಅದಕ್ಕೆ ಹತ್ತಬೇಕು. ನಾನು ಆಗ ತುಂಬಿದ ಬಸುರಿ. ನಮ್ಮವ್ವ ಹಿಂದಿನ ದೀಪಾವಳಿಗೇ ತೀರಿಹೋಗಿದ್ದಳು. ಅವಳ ಸೀರೆಗಳನ್ನೆಲ್ಲ ಅತ್ತಿಗೆಯರು ಹಂಚಿಕೊಂಡು, ನನ್ನ ಪಾಲಿಗೆ ಬಂದದ್ದು ಹಸಿರು ಚೌಕಡಿಯ ಒಂದು ಹಳೆಯ ಸೀರೆ. ಕೌದಿ ಹೊಲಿಯುವ ದುರಗವ್ವ ಬರುತ್ತಾಳೆಂದು ಅದನ್ನು ಗಂಟು ಕಟ್ಟಿ ಕಟ್ಟೆಯ ಮೇಲಿಟ್ಟು ಒಳಗೆ ಹೋದೆ. ದುರಗವ್ವ ತಡವಾಗಿ ಬಂದಳು. ಸಾಬರು ಹೊತ್ತಿಗೆ ಸರಿಯಾಗಿ ಬಂದಿದ್ದರು.

ಮರುದಿನ ನೋಡುತ್ತೇನೆ, ಅವರ ಕೈಯಲ್ಲಿ ಹಸಿರು ಚೌಕಡಿ. ಅಂಚು ಹೋಗಿದೆ, ಸೀರೆ ತುಂಡು ತುಂಡಾಗಿದೆ, ಬಾನೆಟ್ಟಿನ ಮೇಲೆ ಸರಾಗವಾಗಿ ಜಾರುತ್ತಿದೆ. "ಎಂಥಾ ಅರಿವಿ ಕೊಟ್ಟೀಯವ್ವಾ, ಬೆಣ್ಣಿ ಬೆಣ್ಣಿ" ಎಂದು ನಕ್ಕರು. "ನಿಮ್ಮ ಗಾಡಿಗೆ ಸತ್ತ ನಮ್ಮವ್ವನ ಮೈಮ್ಯಾಲಿನ ಅರಿವೀನ ಬೇಕಾಗಿತ್ತೇನ್ರಿ?" ಎಂದುಬಿಟ್ಟೆ. ಓಣಿಯೆಲ್ಲ ಕೇಳುವಂತೆ ಅಂದೆ. ಅವರ ಕೈ ಅಲ್ಲೇ ನಿಂತಿತು. ತುಂಡುಗಳನ್ನೆಲ್ಲ ಎದೆಗವಚಿಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆ ತಟ್ಟೆಯಲ್ಲಿ ತಂದರು. ಕುದಿಸಿ, ಒಣಗಿಸಿ, ಮಡಿಸಿ, ಮೇಲೊಂದು ಬಿಳಿ ಕರವಸ್ತ್ರ ಮುಚ್ಚಿದ್ದರು. "ಚಕ್ರಕ್ಕ ಮುಟ್ಟಿಸಿಲ್ಲವ್ವಾ. ಗಾಜಿಗೆ, ಬಾನೆಟ್ಟಿಗೆ ಅಷ್ಟ" ಎಂದರು. ನಾನು ತಟ್ಟೆ ಇಸಿದುಕೊಂಡೆ, ಮುಖ ನೋಡಲಿಲ್ಲ. ಕೌದಿಗೆ ತುಂಡೇ ಆದರೂ ನಡೆಯುತ್ತದೆ. ದುರಗವ್ವ ಜೋಡಿಸಿ ಹೊಲಿದಳು. ಒಂದು ಮೂಲೆಗೆ ಮಾತ್ರ ಹಸಿರು ಸಾಲದೆ ಕೆಂಪು ತುಂಡು ಹಚ್ಚಿದಳು. ನನ್ನ ಮಗಳು ಅದರಲ್ಲೇ ಬೆಳೆದಳು.

ಅಂದಿನಿಂದ ಸಾಬರು ನಮ್ಮ ಕಟ್ಟೆಯ ಗಂಟು ಮುಟ್ಟಲಿಲ್ಲ. ಅತ್ತೆ ಕರೆದು ಕೊಟ್ಟರೂ "ಅದಾವ್ರಿ ಬಾಯಾರ, ಮನ್ಯಾಗ ಅದಾವ" ಎಂದು ಜಾರಿಕೊಳ್ಳುವರು. ಈಗ ಅವರು ಒರೆಸುತ್ತಿದ್ದ ಹಳೆಯ ಲುಂಗಿಯ ಗೀರುಗಳು ಕಾರಿನ ಮೈಮೇಲೆ ಕಾಣತೊಡಗಿದವು. ಓಣಿಯ ಮಕ್ಕಳನ್ನೆಲ್ಲ ಎತ್ತಿ ಕಾರಿನಲ್ಲಿ ಕೂರಿಸಿ ಹಾರ್ನ್ ಹೊಡೆಸುತ್ತಿದ್ದವರು, ನನ್ನ ಮಗಳನ್ನು ಮಾತ್ರ ದೂರದಿಂದ ನೋಡುವರು. ನನ್ನ ಮಾತಿಗೆ ಸಿಟ್ಟಾಗಿದ್ದಾರೆ ಅಂದುಕೊಂಡೆ. ನಾನೇನು ಕಡಿಮೆಯೇ, ಬಿಗಿದುಕೊಂಡೇ ಇದ್ದೆ. ನಾನೇ ಒಂದು ಒಳ್ಳೆಯ ಮಾತು ಆಡಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ.

ಎಂಬತ್ತರ ದಶಕದಲ್ಲಿ ಅವರ ಕಣ್ಣು ಮಂದವಾದವು. ಕಾರು ಮಾರಿ, ಗಂಗಾವತಿಯ ಮಗಳ ಮನೆಗೆ ಹೊರಟರು. ಟಾಂಗಾ ಬಾಗಿಲಿಗೆ ಬಂದಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ಸಾಬರು ಪಡಸಾಲೆಯ ಹೊಸ್ತಿಲಲ್ಲಿ ನಿಂತು, ಕಾಗದದಲ್ಲಿ ಸುತ್ತಿದ ಏನನ್ನೋ ಮುಂದೆ ಹಿಡಿದರು.

"ಅಂದು ಸುಳ್ಳು ಹೇಳಿದೆನವ್ವಾ. ಒಂದು ತುಂಡು ಚಕ್ರಕ್ಕ ಮುಟ್ಟಿತ್ತು. ಕೂಸಿನ ಮೈಗೆ ಹತ್ತೂದು, ಕೊಡಾಕ ಮನಸ್ಸು ಒಪ್ಪಲಿಲ್ಲ. ನಿಮ್ಮವ್ವಂದು, ಒಗಿಯಾಕೂ ಬರಲಿಲ್ಲ. ತೊಳಕೋತ ಇಟ್ಕೊಂಡೆ. ನಿನ್ನ ಮಗಳ ಮಾರಿ ನೋಡಾಕ ನಾಚಿಕಿ ಆಗತಿತ್ತು."

ಇಷ್ಟು ವರ್ಷ ನಾನು ಸಿಟ್ಟೆಂದು ತಿಳಿದದ್ದು ಇದು. ಕೈತುಂಬ ಹಿಟ್ಟು. ಏನೋ ಹೇಳಬೇಕೆಂದು ಬಾಯಿ ತೆರೆದರೆ ಬಂದದ್ದು, "ಅಲ್ಲೆ ಕಟ್ಟಿ ಮ್ಯಾಲ ಇಡ್ರಿ" ಎಂಬ ಮಾತು. ಅವರು ತಲೆಯಾಡಿಸಿದರು. ಗೋಡೆ ಹಿಡಿದುಕೊಂಡು ಹೊರಗೆ ಹೋದರು.

ಕೈ ತೊಳೆದು ಕಟ್ಟೆಗೆ ಬಂದು ಕಾಗದ ಬಿಚ್ಚಿದೆ. ಚೌಕಡಿ ಮಾಸಿತ್ತು, ಹಸಿರು ಎಲ್ಲೋ ಎಳೆ ಎಳೆಯಾಗಿ ಉಳಿದಿತ್ತು. ಕಲೆಯ ಸುಳಿವಿರಲಿಲ್ಲ. ಎಷ್ಟು ಸಲ ತೊಳೆದಿದ್ದರೋ. ಕಣ್ಣು ಮುಚ್ಚಿ ಗಲ್ಲಕ್ಕೆ ತಿಕ್ಕಿ ನೋಡಿದೆ. ಮನೆಯ ಕೌದಿಯಲ್ಲಿದ್ದ ಯಾವ ತುಂಡೂ ಅಷ್ಟು ಮೆತ್ತಗಿರಲಿಲ್ಲ. ಅದನ್ನು ಅವರಿಗೆ ಹೇಳಬೇಕೆಂದು ಬೀದಿಗಿಳಿದು ಓಡಿದೆ. ಟಾಂಗಾ ಬಸ್‌ಸ್ಟ್ಯಾಂಡಿನ ಕಡೆ ತಿರುಗಿಹೋಗಿತ್ತು.

ಮುಂದಿನ ಮಳೆಗಾಲದಲ್ಲಿ ಅವರು ಗಂಗಾವತಿಯಲ್ಲೇ ತೀರಿಕೊಂಡರು. ಕೌದಿಯ ಮೂಲೆಯ ಕೆಂಪು ತುಂಡನ್ನು ಬಿಚ್ಚಿ, ಅಲ್ಲಿ ಇದನ್ನು ನಾನೇ ಹೊಲಿದೆ. ಈಗಲೂ ಆ ಮೂಲೆಯನ್ನು ಯಾರಿಗೂ ಕಾಲಕಡೆ ಹಾಸಗೊಡುವುದಿಲ್ಲ.