ಒಂಬತ್ತು ಎಸಳಿನ ಉಳಿ

ನಾನು ಚಿಕ್ಕವಳಿದ್ದಾಗ ಮಾಗಡಿ ರಸ್ತೆಯ ಎರಡೂ ಕಡೆ ರಾಗಿ ಹೊಲಗಳಿದ್ದವು. ಹೊಲಗಳ ನಡುವೆ ಆನೆ ಮಲಗಿದ ಹಾಗೆ ಬಂಡೆಗಳು. ಮಕ್ಕಳೇ, ಈಗ ನೀವು ಬಸ್ಸಿಗೆ ಕಾಯುವ ಕಾಮಾಕ್ಷಿಪಾಳ್ಯದ ಸ್ಟಾಪಿನಿಂದ ಸ್ವಲ್ಪ ದೂರದಲ್ಲೇ ನಮ್ಮ ಅಪ್ಪ ಕಲ್ಲು ಹೊಡೆಯುತ್ತಿದ್ದ. ಆಗ ರಾಜಾಜಿನಗರ ಹೊಸದಾಗಿ ಏಳುತ್ತಿತ್ತು. ಅಲ್ಲಿಯ ಮನೆಗಳ ಪಾಯಕ್ಕೆ ಬೇಕಾದ ಸೈಜುಗಲ್ಲು ನಮ್ಮ ಕಡೆಯಿಂದ ಎತ್ತಿನ ಗಾಡಿಯಲ್ಲಿ ಹೋಗುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಟಣ್, ಟಣ್ ಎಂದು ಸದ್ದು. ಆಗ ತಾನೇ ಸೀಳಿದ ಕಲ್ಲಿಗೆ ಒಂದು ವಾಸನೆ ಇರುತ್ತದೆ, ಸುಟ್ಟ ಪಟಾಕಿಯ ಹಾಗೆ. ಅಪ್ಪ ಮನೆಗೆ ಬಂದು ಸ್ನಾನ ಮಾಡಿದ ಮೇಲೂ ಅವನ ಅಂಗಿಯಲ್ಲಿ ಆ ವಾಸನೆ ಉಳಿದಿರುತ್ತಿತ್ತು.

ಅಪ್ಪ ಬಹಳ ಎಚ್ಚರದ ಮನುಷ್ಯ. ಪ್ರತಿ ದಿನ ಕೆಲಸ ಮುಗಿದ ಮೇಲೆ ಸುತ್ತಿಗೆಯನ್ನು ಬಾನಿಯ ನೀರಿನಲ್ಲಿ ಮುಳುಗಿಸಿ ಇಡುತ್ತಿದ್ದ. ಮರದ ಹಿಡಿ ನೀರು ಕುಡಿದು ಉಬ್ಬಿಕೊಂಡರೆ ಸುತ್ತಿಗೆಯ ತಲೆ ಸಡಿಲವಾಗಿ ಹಾರಿಹೋಗುವುದಿಲ್ಲ. ಮೊಣಕಾಲಿನ ಕೆಳಗೆ ಗೋಣಿತಟ್ಟು ಸುತ್ತಿ ಹುರಿ ಕಟ್ಟುತ್ತಿದ್ದ. ದೂಳು ಮೂಗಿಗೆ ಬರದ ಹಾಗೆ ಗಾಳಿಗೆ ಬೆನ್ನು ಕೊಟ್ಟು ಕೂರುತ್ತಿದ್ದ. ನಮ್ಮ ಅಕ್ಕ ಅಲ್ಲೇ ಜಲ್ಲಿ ಒಡೆಯುತ್ತಿದ್ದಳು. ಅವಳು ಎಲ್ಲಿ ಕೂರಬೇಕು ಎಂದು ಅಪ್ಪನೇ ಜಾಗ ನೋಡಿ ಚಪ್ಪರ ಹಾಕಿದ್ದ. ಕಲ್ಲಿನ ಚೂರು ಉಳಿಯ ಮೊನೆಯಿಂದ ಮುಂದಕ್ಕೆ ಸಿಡಿಯುತ್ತದೆ, ಆದ್ದರಿಂದ ಅಕ್ಕನ ಜಾಗ ಅಪ್ಪನ ಬಲಮಗ್ಗುಲಿಗೆ, ತುಸು ಹಿಂದಕ್ಕೆ. ಅಷ್ಟು ಲೆಕ್ಕ ಹಾಕುವವನು.

ಆದರೆ ಅವನ ಉಳಿಯ ವಿಷಯವೇ ಬೇರೆ.

ಅದು ನಮ್ಮ ತಾತನ ಕಾಲದ ಉಳಿ. ಒಂದು ಉಳಿಯ ತಲೆಗೆ ವರ್ಷಗಟ್ಟಲೆ ಸುತ್ತಿಗೆ ಬಿದ್ದರೆ ಕಬ್ಬಿಣ ಸುತ್ತಲೂ ಹರಡಿ, ಕೆಳಕ್ಕೆ ಬಾಗಿ, ಸೀಳು ಸೀಳಾಗಿ ಹೂವಿನ ಹಾಗೆ ಆಗುತ್ತದೆ. ನಮ್ಮವರು ಅದನ್ನು ಉಳಿ ಅರಳುವುದು ಎನ್ನುತ್ತಿದ್ದರು. ಅರಳಿದ ಉಳಿ ಇದ್ದವನು ಹಳಬ, ಕೆಲಸ ಬಲ್ಲವನು. ಹೊಸಬರ ಉಳಿ ಬೋಳು. ಆ ಹೂವನ್ನು ಕತ್ತರಿಸುವುದೆಂದರೆ ಹಿರಿಯರ ದುಡಿಮೆಯನ್ನೇ ಕತ್ತರಿಸಿದ ಹಾಗೆ ಎಂದು ನಂಬಿದ್ದರು. ಆಯುಧಪೂಜೆಯ ದಿನ ಅಪ್ಪ ಒಂದೊಂದು ಎಸಳಿಗೂ ಕುಂಕುಮ ಇಡುತ್ತಿದ್ದ. ಉಳಿಯ ಮೊನೆಯನ್ನು ದಿನವೂ ಕುಲುಮೆಯಲ್ಲಿ ಕಾಸಿ, ಬಡಿದು, ಹದ ಹಾಕುತ್ತಿದ್ದ. ತಲೆಯ ಕಡೆ ಮಾತ್ರ ಕೈ ಹಾಕುತ್ತಿರಲಿಲ್ಲ. ಹೆಣ್ಣುಮಕ್ಕಳು ಉಳಿ ಮುಟ್ಟುವ ಹಾಗಿರಲಿಲ್ಲ. ನಾನು ದೂರದಿಂದಲೇ ಎಸಳು ಎಣಿಸುತ್ತಿದ್ದೆ. ಒಂಬತ್ತಿದ್ದವು.

ಆ ಶನಿವಾರ ಅರ್ಧ ದಿನ ಸ್ಕೂಲು. ಅವ್ವ ಮುದ್ದೆಯನ್ನು ಬಟ್ಟೆಯಲ್ಲಿ ಕಟ್ಟಿ, ಹುರುಳಿಕಾಳು ಸಾರನ್ನು ಚೊಂಬಿಗೆ ಬಗ್ಗಿಸಿ ಕೊಟ್ಟಳು. ನಾನು ಬಿಸಿ ದೂಳಿನಲ್ಲಿ ಬರಿಗಾಲಲ್ಲಿ ಓಡಿದೆ. ಅಪ್ಪನೂ ಅಕ್ಕನೂ ಕೈ ತೊಳೆಯಲು ಹೋಗಿದ್ದರು. ಉಳಿ ಕಲ್ಲಿನ ಮೇಲೆ ಮಲಗಿತ್ತು. ಅಭ್ಯಾಸದಂತೆ ಎಣಿಸಿದೆ. ಎಂಟು. ಮತ್ತೆ ಎಣಿಸಿದೆ. ಎಂಟೇ. ಒಂಬತ್ತನೆಯದು ಇದ್ದ ಜಾಗ ಮೀನಿನ ಮೈಯ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು.

ಎಸಳು ಎಲ್ಲಿ ಹೋಯಿತು ಎಂದು ಸುತ್ತ ಹುಡುಕಿದೆ. ಚಪ್ಪರದ ಬೊಂಬಿನಲ್ಲಿ ಏನೋ ಮಿನುಗಿತು. ಅಕ್ಕ ಬೆನ್ನು ಆನಿಸಿ ಕೂರುವ ಬೊಂಬು ಅದು. ಅವಳು ಕೂತರೆ ಕಿವಿ ಎಲ್ಲಿಗೆ ಬರುತ್ತದೋ ಅಲ್ಲಿಗೇ ಆ ಚೂರು ನಾಟಿಕೊಂಡಿತ್ತು. ಉಗುರಿನಿಂದ ಕಿತ್ತೆ. ಬೆರಳು ಕುಯ್ದು ರಕ್ತ ಬಂತು.

ಆಗಲೇ ಹೇಳಬೇಕಿತ್ತು. ಆದರೆ ನಿಮಗೆ ನಿಮ್ಮ ಅಜ್ಜಿ ಗೊತ್ತಲ್ಲ. ಹಾಜರಿ ಕರೆದಾಗ "ಬಂದೆ ಸಾರ್" ಎನ್ನಲೂ ನನಗೆ ಗಂಟಲು ಒಣಗುತ್ತಿತ್ತು. ಉಳಿ ಮುಟ್ಟಿದೆಯಾ ಎಂದು ಅಪ್ಪ ಬೈದರೆ? ತಾತನ ಎಸಳು ಹೋಯಿತೆಂದು ಬೇಜಾರು ಮಾಡಿಕೊಂಡರೆ? ಚೂರನ್ನು ಲಂಗದ ಅಂಚಿಗೆ ಗಂಟು ಹಾಕಿಕೊಂಡು ಸುಮ್ಮನೆ ಕೂತೆ.

ಅಪ್ಪನ ಜೊತೆಗಾರ ಒಬ್ಬನಿದ್ದ. ನಾವು ಅವನನ್ನು ಮಾವ ಎನ್ನುತ್ತಿದ್ದೆವು. ಊಟಕ್ಕೆ ಎಲ್ಲರೂ ಹೊಂಗೆ ಮರದ ಕೆಳಗೆ ಸೇರಿದಾಗ ಅವನು ಅಪ್ಪನನ್ನು ಕೆಣಕಿದ. "ಏನಣ್ಣೋ, ನಿನ್ನ ಉಳಿ ಹೂ ಬಿಟ್ಟು ಎಷ್ಟು ಕಾಲ ಆಯ್ತು, ಕಾಯಿ ಯಾವಾಗ ಕಚ್ತದೆ?"

ಅಪ್ಪ ಮುದ್ದೆ ಮುರಿಯುತ್ತಾ, "ನಿನ್ನ ಉಳಿ ತಲೆ ನೋಡ್ಕೊ ಮೊದ್ಲು. ತಿರುಪತಿಗೆ ಹೋಗ್ಬಂದಂಗೈತೆ," ಅಂದ. ಎಲ್ಲರೂ ನಕ್ಕರು. ಅಕ್ಕನಿಗೆ ನಕ್ಕು ನಕ್ಕು ಸಾರು ನೆತ್ತಿಗೆ ಹತ್ತಿತು. ನಾನೊಬ್ಬಳೇ ನಗಲಿಲ್ಲ.

"ಏನೇ, ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀಯ?" ಅಂದಳು ಅಕ್ಕ.

"ಅಕ್ಕ..." ಅಂದೆ.

"ಏನು?"

"ಏನಿಲ್ಲ."

ಸಂಜೆಗೆ ಗಾಡಿ ಬರುವುದಿತ್ತು. ಒಂದು ದೊಡ್ಡ ಕಲ್ಲು ಇನ್ನೂ ಸೀಳಬೇಕಿತ್ತು. ಅಪ್ಪ ಜೋರಾಗಿ ಹೊಡೆಯತೊಡಗಿದ. ನಾನು ಮರದ ಬುಡದಲ್ಲಿ ಕೂತು ಒಂದೊಂದು ಏಟಿಗೂ ಕಣ್ಣು ಮುಚ್ಚುತ್ತಿದ್ದೆ. ಟಣ್, ಟಣ್, ಟಣ್. ಆಮೇಲೆ ಟಿಕ್ ಎಂದು ಬೇರೆ ಥರದ ಒಂದು ಸದ್ದು. ಕಣ್ಣು ಬಿಟ್ಟೆ. ಅಕ್ಕ ಎಡಗೈಯಿಂದ ಮುಖ ಮುಚ್ಚಿಕೊಂಡಿದ್ದಳು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.

"ಅಪ್ಪ, ಕಣ್ಣು," ಎಂದಳು. ಕಿರುಚಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಅಪ್ಪ ಸುತ್ತಿಗೆ ಬಿಸಾಕಿ ಓಡಿದ. ಅಕ್ಕ ಉಜ್ಜಿಕೊಳ್ಳದ ಹಾಗೆ ಅವಳ ಎರಡೂ ಕೈ ಹಿಡಿದುಕೊಂಡ. ಹುಬ್ಬಿನ ಹತ್ತಿರ ಕಪ್ಪಗೆ ಏನೋ ನಾಟಿತ್ತು. ರಕ್ತದಲ್ಲಿ ಕಣ್ಣು ಕಾಣುತ್ತಿರಲಿಲ್ಲ. ಮಾವ ಚೂರು ಕೀಳಲು ಕೈ ಚಾಚಿದ. "ಮುಟ್ಬೇಡ ಕಣೋ! ಡಾಕ್ಟ್ರೇ ತೆಗೀಲಿ," ಅಂದ ಅಪ್ಪ. ತನ್ನ ತಲೆಗೆ ಸುತ್ತಿದ್ದ ಟವೆಲ್ಲಿನ ಒಳಗಡೆ ಎಲ್ಲಿ ದೂಳಿರಲಿಲ್ಲವೋ ಆ ಭಾಗವನ್ನು ಹುಡುಕಿ, ಒತ್ತದೆ, ಸಡಿಲವಾಗಿ ಕಟ್ಟಿದ. ಅಷ್ಟರಲ್ಲಿ ಗಾಡಿ ಬಂತು. ಕಲ್ಲು ಹೇರಬೇಕಾದ ಗಾಡಿಯ ಮೇಲೆ ಗೋಣಿ ಹಾಸಿ ಅಕ್ಕನನ್ನು ಮಲಗಿಸಿ ಪೇಟೆಯ ಕಡೆಯ ಆಸ್ಪತ್ರೆಗೆ ಹೊಡೆದರು. ಹೊರಡುವ ಮುಂಚೆ ಅಪ್ಪ ಒಮ್ಮೆ ತಿರುಗಿ ನೋಡಿದ. ಮೊದಲು ಕಲ್ಲನ್ನು ನೋಡಿದ. ಕಲ್ಲು ಒಡೆದಿರಲಿಲ್ಲ. ಆಮೇಲೆ ಉಳಿಯ ಮೊನೆ. ಆಮೇಲೆ ಉಳಿಯ ತಲೆ.

ಅವತ್ತು ನಾನು ಮತ್ತು ಅವ್ವ ಬಾಗಿಲಲ್ಲಿ ಕೂತು ದಾರಿ ಕಾದೆವು. ಅವ್ವ ಅಕ್ಕಿ ಆರಿಸುತ್ತೇನೆ ಎಂದು ಮೊರ ಹಿಡಿದಿದ್ದಳು. ಒಂದು ಕಲ್ಲನ್ನೂ ತೆಗೆಯಲಿಲ್ಲ. ನನ್ನ ಲಂಗದ ಗಂಟು ತೊಡೆಗೆ ಚುಚ್ಚುತ್ತಿತ್ತು. ಅಕ್ಕನ ಕಣ್ಣು ಹೋದರೆ ಅದು ನನ್ನಿಂದಲೇ ಎಂದು ಗೊತ್ತಿದ್ದ ಒಬ್ಬಳೇ ಒಬ್ಬಳು ನಾನು.

ಹೊತ್ತು ಮುಳುಗಿದ ಮೇಲೆ ಗಾಡಿ ವಾಪಸು ಬಂತು. ಅಕ್ಕ ಎದ್ದು ಕೂತಿದ್ದಳು. ಹುಬ್ಬಿಗೆ ಹೊಲಿಗೆ, ಅದರ ಮೇಲೆ ಪಟ್ಟಿ. ಪಟ್ಟಿಯ ಕೆಳಗೆ ಕಣ್ಣು ಬಿಟ್ಟುಕೊಂಡೇ ಇತ್ತು. ಒಂದು ಭತ್ತದ ಕಾಳಿನಷ್ಟು ಕೆಳಗೆ ಬಿದ್ದಿದ್ದರೆ ಕಣ್ಣು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಅವ್ವ ಆಗ ಅತ್ತಳು.

ಅಪ್ಪ ನೀರೂ ಕುಡಿಯದೆ ಬಂಡೆಯಲ್ಲಿ ಬಿಟ್ಟಿದ್ದ ಉಳಿ ತೆಗೆದುಕೊಂಡು ಕುಲುಮೆಗೆ ಹೋದ. ನಾನು ಹಿಂದೆಯೇ ಹೋದೆ. ಮೊದಲ ಸಲ ಅವನು ಉಳಿಯನ್ನು ತಲೆಕೆಳಗು ಮಾಡಿ ಕೆಂಡದಲ್ಲಿ ಇಟ್ಟ. ಕೆಂಪಗೆ ಕಾದ ಮೇಲೆ ಒಂದೊಂದೇ ಎಸಳನ್ನು ಕತ್ತರಿಸಿದ. ಅವು ಬೂದಿಯಲ್ಲಿ ಬಿದ್ದು ಕಪ್ಪಾದವು. ಅಂಚನ್ನು ಬಡಿದು ದುಂಡಗೆ ಮಾಡಿದ. ಮೊನೆಯಾಗಿದ್ದರೆ ನೀರಿಗೆ ಅದ್ದುತ್ತಿದ್ದ. ತಲೆಯನ್ನು ಅದ್ದಲಿಲ್ಲ, ಬೂದಿಯಲ್ಲೇ ನಿಧಾನವಾಗಿ ಆರಲು ಬಿಟ್ಟ. ತಲೆ ತೀರಾ ಗಡುಸಾದರೆ ಅದೇ ಸಿಡಿಯುತ್ತದೆ ಎಂದು ಬಾಯಿಬಿಟ್ಟು ಹೇಳಿದ. ಅಂದರೆ ಉಳಿಯ ತಲೆಯೂ ಸಿಡಿಯುತ್ತದೆ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಅವನ ಮುಖ ಬೆಂಕಿಯ ಕಡೆಗಿತ್ತು, ನನ್ನ ಕಡೆಗಲ್ಲ.

ಉಳಿ ಆರಿದ ಮೇಲೆ ಅದನ್ನು ನನ್ನ ಕೈಗೆ ಕೊಟ್ಟ. ನನ್ನ ಕೈಗೆ! "ನೀನು ದಿನಾ ಎಣಿಸ್ತಿದ್ದಲ್ಲ, ನಾನು ನೋಡಿದೀನಿ. ಇನ್ಮೇಲೆ ಶನಿವಾರ ಶನಿವಾರ ಎಲ್ಲಾರ ಉಳಿ ತಲೆ ನೋಡೋದು ನಿನ್ ಕೆಲಸ. ಅಂಚು ಬಾಗಿದ್ರೆ ಹೇಳ್ಬೇಕು. ಮೆಲ್ಲಗಾದ್ರೂ ಸರಿ, ಹೇಳ್ಬೇಕು."

ಮುಂದಿನ ವಾರ ಬಂಡೆಯಲ್ಲಿ ಅಪ್ಪನ ಬೋಳು ಉಳಿ ನೋಡಿ ಯಾರೂ ನಗಲಿಲ್ಲ. ಮಾವ ತನ್ನ ಉಳಿಯನ್ನು ತಾನೇ ನನ್ನ ಮುಂದೆ ಹಿಡಿದು, "ನೋಡವ್ವ ಇನ್ಸ್‌ಪೆಕ್ಟ್ರಮ್ಮ, ಪಾಸೋ ಫೇಲೋ?" ಎಂದ. ಇನ್ನೊಬ್ಬ ಹಿರಿಯನ ಉಳಿಗೆ ಬೆರಳು ಮಾಡಿ, "ಇದು ಅರಳ್ತಾ ಐತೆ," ಎಂದು ನಾನು ಹೇಳಿದಾಗ ನನ್ನ ದನಿ ನನಗೇ ಕೇಳಿಸಲಿಲ್ಲ. ಆದರೆ ಅವನಿಗೆ ಕೇಳಿಸಿತು. ಗೊಣಗುತ್ತಲೇ ಕುಲುಮೆಗೆ ಹೋದ.

ಲಂಗದ ಗಂಟಿನ ಮಾತನ್ನು ಮಾತ್ರ ಅಪ್ಪನಿಗೆ ಕೊನೆಯವರೆಗೂ ಹೇಳಲಾಗಲಿಲ್ಲ. ನಿಮ್ಮ ತಾತನಿಗೂ ಹೇಳಲಿಲ್ಲ. ಅಕ್ಕನಿಗೆ ಹೇಳಿದ್ದು ಅವಳ ಕೂದಲೆಲ್ಲ ಬೆಳ್ಳಗಾದ ಮೇಲೆ. ಅವಳು ಹುಬ್ಬಿನ ಗಾಯದ ಗುರುತು ಸವರಿಕೊಂಡು ನಕ್ಕಳು. "ಅಯ್ಯೋ ಹುಚ್ಚಿ, ಅದಕ್ಕೂ ಹಿಂದಿನ ವಾರ ಒಂದು ಸಣ್ಣ ಚೂರು ನನ್ನ ಸೆರಗು ಹರಿದಿತ್ತು ಕಣೇ. ಅಪ್ಪ ನೊಂದ್ಕೊತಾನೆ ಅಂತ ನಾನೂ ಸುಮ್ಮನಿದ್ದೆ." ಹಾಗಾದರೆ ಆ ಉಳಿಯ ವಿಷಯ ಅಪ್ಪನಿಗೆ ಗೊತ್ತಿತ್ತು, ಅಕ್ಕನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಮೂವರೂ ಒಂದೇ ಮರದ ಕೆಳಗೆ ಕೂತು ಊಟ ಮಾಡಿದ್ದೆವು.

ಮಕ್ಕಳೇ, ಈಗ ಆ ಬಂಡೆಗಳಿಲ್ಲ. ಅವು ಇದ್ದ ಕಡೆ ಮಿಷನ್ನುಗಳ ಸದ್ದಿದೆ. ನಿಮ್ಮ ಅಮ್ಮ ಗಾರ್ಮೆಂಟ್ಸಿನಲ್ಲಿ ಹೊಲಿಯುವ ಮಿಷನ್ನಿಗೆ ಸೂಜಿಯ ಮುಂದೆ ಬೆರಳು ಹೋಗದ ಹಾಗೆ ಒಂದು ಗಾರ್ಡ್ ಇರುತ್ತದಂತೆ. ಗೋಣಿತಟ್ಟು ಸುತ್ತಿಕೊಳ್ಳುತ್ತಿದ್ದ ನಮ್ಮ ಅಪ್ಪ ಅದನ್ನು ನೋಡಿದ್ದರೆ ಎಷ್ಟು ಖುಷಿಪಡುತ್ತಿದ್ದನೋ. ಆದರೆ ಅದಿದ್ದರೆ ಬಟ್ಟೆ ಬೇಗ ಸಾಗುವುದಿಲ್ಲ, ದಿನದ ಪೀಸಿನ ಲೆಕ್ಕ ಹಿಂದೆ ಬೀಳುತ್ತದೆ ಎಂದು ಎಲ್ಲರೂ ಅದನ್ನು ಮೇಲಕ್ಕೆತ್ತಿ ಬಿಡುತ್ತಾರಂತೆ. ನಿನ್ನೆ ಊಟಕ್ಕೆ ಬಡಿಸುವಾಗ ಅವಳ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಏನಮ್ಮ ಅದು ಎಂದು ಚಿಕ್ಕವನು ಕೇಳಿದ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, "ಏನಿಲ್ಲ," ಎಂದಳು. ನೀವು ಅನ್ನ ಕಲಸಿಕೊಂಡಿರಿ. ನಾನೂ ಕಲಸಿಕೊಂಡೆ. ಆ "ಏನಿಲ್ಲ" ನನಗೆ ಚೆನ್ನಾಗಿ ಗೊತ್ತು.

ನಾನೀಗ ಬಳಸದ ಕುಂಕುಮದ ಭರಣಿಯಲ್ಲಿ ಆ ಎಸಳು ಇನ್ನೂ ಇದೆ. ಅಂಚು ಇವತ್ತಿಗೂ ಚುರುಕಾಗಿದೆ, ಹುಷಾರಾಗಿ ಹಿಡಿಯಬೇಕು. ನಾಳೆ ಬೆಳಿಗ್ಗೆ ನಿಮ್ಮ ಅಮ್ಮ ಡಬ್ಬಿ ಕಟ್ಟಿಕೊಂಡು ಹೊರಡುವ ಮುಂಚೆ ಅದನ್ನು ಅವಳ ಮುಂದೆ ಇಟ್ಟು ಆ ಬೆರಳಿನ ವಿಷಯ, ಆ ಗಾರ್ಡಿನ ವಿಷಯ ಕೇಳುತ್ತೇನೆ. ನೀವೆಲ್ಲ ನನ್ನ ಪಕ್ಕದಲ್ಲೇ ಇರಿ. ನನ್ನ ಗಂಟಲು ಒಣಗಿದರೆ ಅಲ್ಲಿಂದ ಮುಂದಕ್ಕೆ ನೀವು ಕೇಳಿ.