ನಾರಾವಿಯಿಂದ ತಂದ ಮೂರು ಬಾಟಲಿ

ಅಂದು ಬೆಳಿಗ್ಗೆ ಎದ್ದವಳು ಬಚ್ಚಲ ಒಲೆಗೆ ಬೆಂಕಿ ಹಾಕಿ ಹಂಡೆ ತುಂಬಿಸಿದೆ. ಅಂಗಳ ಗುಡಿಸಿದೆ. ದನಗಳಿಗೆ ಅಕ್ಕಚ್ಚು ಕೊಟ್ಟೆ. ಗಾಜಿನ ಟ್ಯೂಬುಗಳನ್ನು ಸೋಪಿನ ನೀರಿನಲ್ಲಿ ತೊಳೆದು, ಬಾವಿ ನೀರಿನಲ್ಲಿ ಜಾಲಿಸಿ, ಕೊನೆಗೆ ಡಾಕ್ಟರಮ್ಮ ಕ್ಯಾನಿನಲ್ಲಿ ತಂದಿದ್ದ ಬಟ್ಟಿ ಇಳಿಸಿದ ನೀರನ್ನು ಹನಿ ಹನಿಯಾಗಿ ಹಾಕಿ ತೆಗೆದು ಬುಟ್ಟಿಯಲ್ಲಿ ಮಗುಚಿಟ್ಟೆ. ಪೇಟೆಗೆ ಓಡಿ ಮೀನಿನ ಲಾರಿಯವನಿಂದ ಮಂಜುಗಡ್ಡೆ ಬೇಡಿ ತಂದೆ. ತೆಂಗಿನಕಾಯಿ ತುರಿದೆ. ಥರ್ಮಾಮೀಟರನ್ನು ಒರೆಸಿ ದೇವರ ಕೋಣೆಯ ಗೂಡಿನಲ್ಲಿಟ್ಟೆ. ಮಕ್ಕಳ ಕೈಗೆ ಎಟುಕದ ಜಾಗ ಅದೊಂದೇ.

ಇದು ಅರವತ್ತರ ದಶಕದ ನಡುವಿನ ಮಾತು. ಈಗ ನನಗೆ ನಡುವಯಸ್ಸು ದಾಟುತ್ತಿದೆ, ಆದರೆ ಆ ದಿನದ ಕೆಲಸಗಳು ಒಂದರ ಹಿಂದೆ ಒಂದು ಸಾಲಾಗಿ ನೆನಪಾಗುತ್ತವೆ. ಪಟ್ಟಣದ ಒಂದು ಮೆಡಿಕಲ್ ಕಾಲೇಜಿನ ಡಾಕ್ಟರಮ್ಮನ ಕೈಕೆಳಗೆ ನಾನು ಸಹಾಯಕಿಯಾಗಿದ್ದೆ. ಅವರು ಘಟ್ಟದ ಮೇಲಿನವರು. ರಕ್ತದಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಒಂದು ಗುಣವನ್ನು ಹುಡುಕುತ್ತ ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಗಳ ಮನೆಮನೆ ಸುತ್ತುತ್ತಿದ್ದರು. ಅವರ ಹಿಂದೆ ಫ್ಲಾಸ್ಕು ಹಿಡಿದು ನಾನು. ಫ್ಲಾಸ್ಕಿನಲ್ಲಿ ಮಂಜುಗಡ್ಡೆ, ಮಂಜುಗಡ್ಡೆಯ ನಡುವೆ ರಕ್ತದ ಬಾಟಲಿ. ಮೀನಿನ ಲಾರಿಯ ಮಂಜುಗಡ್ಡೆಯಾದ್ದರಿಂದ ಬಂಗುಡೆಯ ವಾಸನೆ. ಬಸ್ಸಿನ ಕಂಡಕ್ಟರು ಕೇಳುವುದುಂಟು, "ಎಂಥ ಮೀನು ಅಕ್ಕ?" ಎಂದು. "ಮೀನಲ್ಲ, ಮನುಷ್ಯರ ರಕ್ತ" ಎಂದರೆ ಪಕ್ಕದ ಸೀಟು ಖಾಲಿ ಆಗುತ್ತಿತ್ತು. ಆರಾಮವಾಗಿ ಕುಳಿತು ಬರುತ್ತಿದ್ದೆ.

ಹುಡುಕುತ್ತಿದ್ದ ಗುಣ ಹೀಗೆ. ನಮ್ಮ ಕೆಂಪು ರಕ್ತಕಣಗಳ ಒಳಗೆ ಒಂದು ಕಿಣ್ವ ಇರುತ್ತದೆ, ಕಣ ಒಡೆಯದಂತೆ ಕಾಯುವುದು ಅದರ ಕೆಲಸ. ಕೆಲವರಲ್ಲಿ ಅದು ಹುಟ್ಟಿನಿಂದಲೇ ತೀರ ಕಡಿಮೆ. ಅಂಥವರು ಉಂಡು ತಿಂದು ಎಲ್ಲರ ಹಾಗೆಯೇ ಗಟ್ಟಿಯಾಗಿರುತ್ತಾರೆ. ಆದರೆ ಮಲೇರಿಯಾಕ್ಕೆ ಕೊಡುವ ಒಂದು ಬಗೆಯ ಮಾತ್ರೆ ಹೊಟ್ಟೆಗೆ ಹೋಯಿತೋ, ರಕ್ತ ಒಳಗೊಳಗೇ ಒಡೆದು ಮೂತ್ರ ಕಾಫಿ ಕಷಾಯದಷ್ಟು ಕಪ್ಪಾಗುತ್ತದೆ.

ನನ್ನ ತಮ್ಮನಿಗೆ ಆದದ್ದು ಅದೇ. ಜ್ವರಕ್ಕೆ ಮಾತ್ರೆ ನುಂಗಿದವನು ಅರಿಸಿನ ಬಣ್ಣಕ್ಕೆ ತಿರುಗಿ ಚಾಪೆ ಹಿಡಿದ. ಬದುಕಿಕೊಂಡ. ಆದರೆ ಊರವರು ಸುಮ್ಮನಿದ್ದಾರೆಯೇ? ನನ್ನ ಸೋದರಮಾವ ಹಿಂದೆ ಪಟಾಲಮಿನಲ್ಲಿದ್ದಾಗ ಜ್ವರದ ಮಾತ್ರೆ ತಿಂದು ಹೀಗೆಯೇ ಕಪ್ಪು ಮೂತ್ರ ಹೊಯ್ದದ್ದನ್ನು ನೆನಪು ಮಾಡಿಕೊಂಡರು. ಮಾವನಿಗೆ ಒಮ್ಮೆ, ಅಳಿಯನಿಗೆ ಒಮ್ಮೆ. "ಆ ಮನೆಯ ಗಂಡಸರಿಗೆ ದೈವದ ಮುನಿಸು" ಎಂಬ ಮಾತು ಹಬ್ಬಿತು.

ಅದೇ ಹೊತ್ತಿಗೆ ಅಕ್ಕನ ಮಗಳಿಗೆ ಫರಂಗಿಪೇಟೆಯ ಸಂಬಂಧ ಕೂಡಿಬಂದಿತ್ತು. ಹುಡುಗನ ಮನೆಯ ಯಜಮಾನ ಅವನ ಸೋದರಮಾವ, ಪೇಟೆಯಲ್ಲಿ ಹೋಟೆಲು ಇಟ್ಟವರು. ಅವರು ಹೇಳಿ ಕಳಿಸಿದರು: ಮುನಿಸು ಇರುವ ಮನೆಗೆ ನನ್ನ ಅಳಿಯನನ್ನು ಅಳಿಯನಾಗಿ ಕಳಿಸಲಾರೆ. ಅಕ್ಕ ಅಳಲಿಲ್ಲ. ಒರಳಿನ ಮುಂದೆ ಕುಳಿತು ಹಿಟ್ಟು ನುಣ್ಣಗಾದ ಮೇಲೂ ರುಬ್ಬುತ್ತಲೇ ಇದ್ದಳು.

ನಾನು ಡಾಕ್ಟರಮ್ಮನಿಗೆ ಹೇಳಿದೆ. ಅವರು ಮನೆಗೇ ಬಂದರು. "ನಿಮ್ಮ ಕುಟುಂಬದವರನ್ನೆಲ್ಲ ಕರೆಸಿ, ಒಬ್ಬರನ್ನೂ ಬಿಡಬೇಡಿ" ಎಂದರು. ಕರೆಸಿದೆವು. ಚಾವಡಿ ತುಂಬಿತು. ಎಲ್ಲರ ರಕ್ತ ಕಾಲೇಜಿಗೆ ಹೋಯಿತು. ಮಾವನಿಗೂ ತಮ್ಮನಿಗೂ ಕಿಣ್ವ ಕಡಿಮೆ, ಅಕ್ಕನಿಗೆ ಅರ್ಧ, ಅವಳ ಮಗಳಿಗೂ ಅರ್ಧ ಎಂದು ಫಲ ಬಂತು. ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ ಹಾಕಿ ಡಾಕ್ಟರಮ್ಮ ದೊಡ್ಡ ಕಾಗದದಲ್ಲಿ ವಂಶದ ನಕ್ಷೆ ಬರೆದರು. ಬರೆದವರು ಅದನ್ನೇ ನೋಡುತ್ತ ಕುಳಿತರು.

"ಏನ್ರೀ ಇದು? ನಿಮ್ಮನೆ ಗಂಡಸರಿಗೆ ಯಾರಿಗೂ ಮಕ್ಕಳೇ ಇಲ್ವಾ?"

"ಉಂಟಲ್ಲ ಡಾಕ್ಟ್ರಮ್ಮ" ಎಂದಳು ಅಕ್ಕ. "ನಮ್ಮ ಮಾವನಿಗೇ ಮೂರು."

"ಮತ್ತೆ ಅವರನ್ನ ಯಾಕೆ ಕರೆಸಲಿಲ್ಲ?"

"ನೀವು ಕುಟುಂಬದವರನ್ನು ಕರೆಸಿ ಅಂದದ್ದಲ್ವಾ? ಅವರು ನಾರಾವಿಯವರು. ತಾಯಿಯ ಕುಟುಂಬ."

"ಅವರ ಅಪ್ಪ ಇಲ್ಲೇ ಕೂತಿದ್ದಾರಲ್ರೀ!"

"ಅಪ್ಪ ನಮ್ಮವರು. ಮಕ್ಕಳು ನಮ್ಮವರಲ್ಲ."

ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಮಾವ, "ಅದು ಹೌದು" ಎಂದರು.

ಅಳಿಯಸಂತಾನದ ಮನೆ ನಮ್ಮದು. ಹೆಸರು, ಆಸ್ತಿ, ಸೂತಕ ಎಲ್ಲವೂ ತಾಯಿಯ ಕಡೆಯಿಂದ. ಗಂಡಸರ ಮಕ್ಕಳು ಅವರವರ ತಾಯಿಯ ಮನೆಯವರು. ಅಷ್ಟು ದಿನ ಟ್ಯೂಬು ತೊಳೆದ ನನಗೂ ಏನೋ ಬಿಟ್ಟುಹೋಗಿದೆ ಎಂದು ಅನಿಸಿರಲಿಲ್ಲ. ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ತಪ್ಪು ನಂದೇ. ನಾನು ನಮ್ಮ ಕಡೆ ಲೆಕ್ಕದಲ್ಲಿ ಕೇಳಿದೆ, ನೀವು ನಿಮ್ಮ ಕಡೆ ಲೆಕ್ಕದಲ್ಲಿ ಕರೆಸಿದ್ರಿ. ತೆಂಗಿನ ಮರ ಮಾತ್ರ ಹತ್ತಿ ನೋಡಿ, ಊರಲ್ಲಿರೋದೆಲ್ಲ ತೆಂಗಿನಕಾಯಿ ಅಂದ ಹಾಗಾಯ್ತು. ತಾಯಿ ಕಡೆಯವರನ್ನಷ್ಟೇ ನೋಡಿದರೆ ತಾಯಿ ಕಡೆಯಿಂದಲೇ ಬರುತ್ತೆ ಅಂತ ಹೇಗೆ ಹೇಳಲಿ?"

ಆಮೇಲೆ ನಮಗೆಲ್ಲ ತಿಳಿಯುವ ಹಾಗೆ ನಿಯಮ ಹೇಳಿದರು. ತಾಯಿ ಇದನ್ನು ಮಗನಿಗೂ ಕೊಡಬಹುದು, ಮಗಳಿಗೂ ಕೊಡಬಹುದು, ಕೊಡದೆಯೂ ಇರಬಹುದು. ತಂದೆ ಮಗನಿಗೆ ಕೊಡಲಾರ, ಮಗಳಿಗೆ ಕೊಡದೆ ಇರಲಾರ. "ನಾನು ಕಲಿತದ್ದು ನಿಜವಾದರೆ ನಾರಾವಿಯ ಇಬ್ಬರು ಗಂಡುಮಕ್ಕಳಿಗೂ ನಿಮ್ಮ ಮಾವನಿಂದ ಏನೂ ಬಂದಿರೋದಿಲ್ಲ. ಮಗಳಿಗೆ ಅರ್ಧ ಬಂದಿರಬೇಕು. ನೋಡೋಕೆ ಮುಂಚೆನೇ ಹೇಳ್ತಾ ಇದೀನಿ."

ನನಗೆ ಅಲ್ಲಿ ಇನ್ನೊಂದು ಹೊಳೆಯಿತು. "ಹಾಗಾದರೆ ಅಕ್ಕ, ಇದು ನಮ್ಮ ಮನೆಯ ದೈವದ ಮುನಿಸಾದರೆ ನಮ್ಮ ಮನೆಯಲ್ಲೇ ನಿಲ್ಲಬೇಕು. ನಾರಾವಿಯ ಮನೆಯ ದೈವವೇ ಬೇರೆ. ಅಲ್ಲಿಯ ಹುಡುಗಿಯಲ್ಲೂ ಸಿಕ್ಕಿದರೆ?"

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಫರಂಗಿಪೇಟೆಗೆ ಹೇಳಿ ಕಳಿಸುವ. ಅವರ ಕಣ್ಣೆದುರೇ ಆಗಲಿ" ಎಂದಳು.

ಹಾಗೆ ಪರೀಕ್ಷೆ ನಮ್ಮ ಮನೆಯಲ್ಲೇ ಎಂದಾಯಿತು. ಅದರ ಹಿಂದಿನ ದಿನ ಡಾಕ್ಟರಮ್ಮ, ಮಾವ, ನಾನು ನಾರಾವಿಗೆ ಬಸ್ಸು ಹತ್ತಿದೆವು. ಅತ್ತೆ ಬಾಗಿಲಲ್ಲೇ ನಿಂತು, "ಆಸ್ತಿಗೆ ಕರೆಯದವರು ಈಗ ರಕ್ತಕ್ಕೆ ಬಂದಿರಾ?" ಎಂದರು. ಎಂದರೂ ಬೆಲ್ಲ ನೀರು ಕೊಟ್ಟರು, ಮಕ್ಕಳನ್ನು ಕರೆದರು. ಮಗಳು ಅಪ್ಪನ ಮುಖ ನೋಡುತ್ತ ತೋಳು ಚಾಚಿದಳು. ಮಾವ ಬೇರೆ ಕಡೆ ನೋಡಿದರು. ಪಟಾಲಮಿನಲ್ಲಿದ್ದ ಗಂಡಸು!

ಪರೀಕ್ಷೆಯ ದಿನ ಮಧ್ಯಾಹ್ನಕ್ಕೆ ಮುಂಚೆ ಫರಂಗಿಪೇಟೆಯ ಯಜಮಾನರು ಬಂದರು. ಬಿಳಿ ಪಂಚೆ, ಹೆಗಲಲ್ಲಿ ಶಾಲು, ಕೈಯಲ್ಲಿ ಕೊಡೆ. ಕುಳಿತವರೇ, "ಗೊತ್ತಿದ್ದದ್ದನ್ನು ನೋಡಿ ಹೇಳುವುದು ಯಾರಿಗೂ ಆಗ್ತದೆ" ಎಂದರು.

"ಸರಿಯಾಗಿ ಹೇಳಿದ್ರಿ" ಎಂದರು ಡಾಕ್ಟರಮ್ಮ. "ಅದಕ್ಕೇ ಯಾರದ್ದು ಯಾವುದು ಅಂತ ನನಗೆ ಗೊತ್ತಾಗಬಾರದು. ನಾನು ತಿರುಗಿ ನಿಲ್ತೀನಿ, ಟ್ಯೂಬುಗಳನ್ನ ನೀವೇ ಅದಲು ಬದಲು ಮಾಡಿ ಇಡಿ. ಮತ್ತೆ, ಹೋಲಿಸಿ ನೋಡೋಕೆ ಈ ಮನೆಗೆ ಸಂಬಂಧ ಇಲ್ಲದ ಒಬ್ಬರ ರಕ್ತ ಬೇಕು."

ಎಲ್ಲರೂ ಯಜಮಾನರನ್ನೇ ನೋಡಿದೆವು.

"ನನ್ನದಾ? ನನಗೆ ಊಟ ಆಗಲಿಲ್ಲ ಮಾರಾಯ್ರೆ!"

"ಊಟಕ್ಕೂ ಇದಕ್ಕೂ ಏನೂ ಇಲ್ಲ ಭಾವ, ಒಂದು ಇರುವೆ ಕಚ್ಚಿದ ಹಾಗೆ" ಎಂದು ಮಾವ ಅವರ ಹೆಗಲು ಹಿಡಿದರು. ಸೂಜಿ ತಾಗುವ ಮೊದಲೇ ಅವರು "ಸಾಕು ಸಾಕು" ಎಂದದ್ದು ಅಟ್ಟಕ್ಕೂ ಕೇಳಿಸಿರಬೇಕು.

ನಾರಾವಿಯ ಮೂರು, ತಮ್ಮನದೊಂದು, ಯಜಮಾನರದೊಂದು. ಬಟ್ಟಿ ಇಳಿಸಿದ ನೀರಿನಲ್ಲಿ ರಕ್ತಕಣಗಳನ್ನು ಒಡೆದು, ಡಾಕ್ಟರಮ್ಮ ಮಂಜಿನಲ್ಲಿ ಇಟ್ಟುಕೊಂಡಿದ್ದ ದ್ರಾವಣಗಳನ್ನು ಅಳೆದು ಹಾಕಿ, ಕೊನೆಗೆ ನೀಲಿ ಬಣ್ಣ ಬಿಟ್ಟರು. ಮೇಲೆ ಪ್ಯಾರಾಫಿನ್ ಎಣ್ಣೆಯ ತೆಳುವಾದ ಪದರ. ಗಾಳಿ ತಾಗಬಾರದು, ನಾವು ಉಪ್ಪಿನಕಾಯಿ ಭರಣಿಗೆ ಎಣ್ಣೆ ಹೊಯ್ಯುವ ಹಾಗೆ. ಇದಕ್ಕೆಲ್ಲ ಮೊದಲೇ, ಅವರು ಬೆನ್ನು ತಿರುಗಿಸಿ ನಿಂತಾಗ, ಒಂದೊಂದು ಟ್ಯೂಬಿಗೂ ಒಂದೊಂದು ಬಣ್ಣದ ನೂಲು ಕಟ್ಟಿದ್ದೆ. ಯಾವ ನೂಲು ಯಾರದ್ದೆಂದು ನನಗೂ ಯಜಮಾನರಿಗೂ ಮಾತ್ರ ಗೊತ್ತು. ಕಿಣ್ವ ಸಾಕಷ್ಟಿದ್ದರೆ ನೀಲಿ ಬೇಗ ಮಾಯವಾಗಿ ರಕ್ತದ ತೆಳುಗೆಂಪು ಕಾಣುತ್ತದೆ. ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ.

ಇಷ್ಟೆಲ್ಲ ನಡೆಯಬೇಕಾದರೆ ಟ್ಯೂಬುಗಳು ಮನುಷ್ಯರ ಮೈಯಷ್ಟೇ ಬೆಚ್ಚಗಿನ ನೀರಿನಲ್ಲಿ ನಿಂತಿರಬೇಕು. ಕಾಲೇಜಿನಲ್ಲಿ ಅದಕ್ಕೆ ಕರೆಂಟಿನ ಪೆಟ್ಟಿಗೆ ಉಂಟು. ನಮ್ಮಲ್ಲಿ ತಾಮ್ರದ ಕೊಪ್ಪರಿಗೆ, ಹಂಡೆಯ ಬಿಸಿನೀರು, ಬಾವಿಯ ತಣ್ಣೀರು ಮತ್ತು ನಾನು. ಥರ್ಮಾಮೀಟರಿನ ಪಾದರಸ ಕೂದಲೆಳೆಯಷ್ಟು ಇಳಿದರೆ ಒಂದು ಚೆಂಬು ಬಿಸಿ, ಏರಿದರೆ ಒಂದು ಸೌಟು ತಣ್ಣೀರು. ಬಾಣಂತಿಯರಿಗೂ ಎಳೆಗೂಸುಗಳಿಗೂ ನೀರು ಹದ ಮಾಡಿದ ಕೈ ಇದು. ಆ ಇಡೀ ಹೊತ್ತು ಪಾದರಸ ತನ್ನ ಗೆರೆಯ ಮೇಲೆಯೇ ನಿಂತಿತ್ತು. ಡಾಕ್ಟರಮ್ಮ ಆಗಾಗ ಬಗ್ಗಿ ನೋಡಿ ಏನೂ ಹೇಳದೆ ಹೋಗುತ್ತಿದ್ದರು. ಅವರು ಏನೂ ಹೇಳಲಿಲ್ಲವೆಂದರೆ ಅದೇ ಶಹಬ್ಬಾಸು.

ಉಳಿದವರು ಊಟ ಮುಗಿಸಿ ಬರುವಾಗ ಒಂದು ಟ್ಯೂಬು ಕೆಂಪಾಗತೊಡಗಿತು. "ಇದು ಸರಿಯಾಗಿದೆ" ಎಂದರು ಡಾಕ್ಟರಮ್ಮ.

"ಅದು ನಂದು! ನಮ್ಮದು ಎಲ್ಲದರಲ್ಲೂ ಮುಂದೆ" ಎಂದು ಯಜಮಾನರು ಎದ್ದೇ ನಿಂತರು.

"ಹೇಳಬಾರದು ಅಂದಿದ್ದೆನಲ್ರೀ!"

ಅದರ ಬೆನ್ನಿಗೇ ಇನ್ನೆರಡು ಕೆಂಪಾದವು. ಹಸಿರು ನೂಲು, ಹಳದಿ ನೂಲು. ನಾರಾವಿಯ ಇಬ್ಬರು ಗಂಡುಮಕ್ಕಳದ್ದು. ನಾನು ತುಟಿ ಬಿಗಿಹಿಡಿದು ಬಿಸಿನೀರು ಹಾಕಿದೆ. ಉಳಿದ ಎರಡು ಬಟ್ಟೆಗೆ ಹಾಕುವ ನೀಲಿಯ ಹಾಗೆ ಇದ್ದವು. ಮಜ್ಜಿಗೆ ಬಂತು, ಕಾಫಿ ಬಂತು. ಯಜಮಾನರು ತೂಕಡಿಸಿದರು. ಅಕ್ಕ ಬಾಗಿಲ ಸಂದಿಯಲ್ಲಿ ನಿಂತವಳು ಕೂರಲೇ ಇಲ್ಲ. ದನಗಳು ಗುಡ್ಡದಿಂದ ಇಳಿಯುವ ಹೊತ್ತಿಗೆ ಕೆಂಪು ನೂಲಿನ ಟ್ಯೂಬಿನಲ್ಲಿ ನೀಲಿ ತಿಳಿಯಾಯಿತು, ನೇರಳೆಯಾಯಿತು, ಆಮೇಲೆ ನಿಧಾನವಾಗಿ ಕೆಂಪು. ಬಿಳಿ ನೂಲಿನದ್ದು ಕದಲಲಿಲ್ಲ.

ಡಾಕ್ಟರಮ್ಮ ಹೇಳಿದರು: "ಮೊದಲ ಮೂರು ಪೂರ್ತಿ ಸರಿ. ಬಿಳಿ ನೂಲಿನವರಿಗೆ ತೀರ ಕಡಿಮೆ, ಅದು ಗಂಡಸಿರಬೇಕು. ಕೆಂಪು ನೂಲು ಅರ್ಧ. ಅದು ಹೆಣ್ಣುಮಗಳು."

ಯಜಮಾನರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಬಿಳಿ ತಮ್ಮನದ್ದು, ಕೆಂಪು ನಾರಾವಿಯ ಹುಡುಗಿಯದ್ದು. ಬಸ್ಸು ಹತ್ತುವ ಮೊದಲೇ ಹೇಳಿದ್ದ ಮಾತು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು. ಕಣ್ಣಿಗೆ ಕಾಣದ ಒಂದು ವಸ್ತು ಮನುಷ್ಯರೊಳಗೆ ಇಂಥ ದಾರಿಯಲ್ಲೇ ನಡೆಯುತ್ತದೆಂದು ಮುಂಚಿತವಾಗಿ ಹೇಳಬಹುದೆಂಬುದನ್ನು ನಾನು ಕೇಳಿದ್ದೆ, ಕಂಡಿರಲಿಲ್ಲ.

"ಅಲ್ಲ, ನಿಮ್ಮ ಮನೆಯ ಮುನಿಸು ನಾರಾವಿಗೆ ಬಸ್ಸು ಹತ್ತಿ ಹೋಯಿತಾ?" ಎಂದರು ಯಜಮಾನರು, ತಮಗೇ ಹೇಳಿಕೊಂಡ ಹಾಗೆ. "ಹಾಗೆಲ್ಲ ಹೋಗುವ ಜಾತಿಯದ್ದಲ್ಲ ಅದು. ಇದು ರಕ್ತದ್ದೇ."

ಮಾವ ಕೊಪ್ಪರಿಗೆಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕುಳಿತರು. ಕೆಂಪು ನೂಲಿನ ಟ್ಯೂಬನ್ನು ಬೆರಳ ತುದಿಯಿಂದ ಮುಟ್ಟಿದರು. "ಇದು ನಾನು ಕೊಟ್ಟದ್ದು" ಎಂದರು. ನಲವತ್ತೆಕರೆ ಬರೆದುಕೊಟ್ಟವರ ಠೀವಿ ಇತ್ತು ಆ ದನಿಯಲ್ಲಿ. ಮಗಳ ಹೆಸರಿನ ಹಿಂದೆ ತನ್ನ ಮನೆಯ ಹೆಸರು ಹಾಕಲಾರದ ಮನುಷ್ಯ ಅವರು.

ಅಲ್ಲಿಗೆ ಅಕ್ಕ ಸುಮ್ಮನಿರಬಹುದಿತ್ತು. ಆದರೆ ಬಾಗಿಲ ಸಂದಿ ಬಿಟ್ಟು ನಡುಚಾವಡಿಗೆ ಬಂದಳು.

"ಇನ್ನೊಂದುಂಟು. ನನಗೂ ಅರ್ಧ, ನನ್ನ ಮಗಳಿಗೂ ಅರ್ಧ. ನಾಳೆ ಅವಳಿಗೆ ಗಂಡುಮಕ್ಕಳಾದರೆ ನನ್ನ ತಮ್ಮನ ಹಾಗೆ ಆಗಲೂಬಹುದು. ಮುಚ್ಚಿಟ್ಟು ಮದುವೆ ಮಾಡುವವರು ನಾವಲ್ಲ. ಈ ಮನೆಯಲ್ಲಿ ಹೆಸರು ತಾಯಿಯಿಂದ, ಗದ್ದೆ ತಾಯಿಯಿಂದ. ಇದೂ ತಾಯಿಯಿಂದ. ಅದಕ್ಕೆ ನಾಚಿಕೆ ಎಂಥದ್ದು?"

ಯಜಮಾನರು ಶಾಲು ಸರಿಮಾಡಿಕೊಂಡು ಡಾಕ್ಟರಮ್ಮನ ಕಡೆ ತಿರುಗಿದರು. "ಅಂಥ ಮಕ್ಕಳಿಗೆ ಮದ್ದೆಂಥದ್ದು?"

"ಮದ್ದು ಇಲ್ಲ, ಬೇಕಾಗಿಯೂ ಇಲ್ಲ. ತಿನ್ನಬಾರದ ಮಾತ್ರೆ ಯಾವುದು ಅಂತ ಮನೆಯವರಿಗೆ ನೆನಪಿದ್ದರೆ ಸಾಕು. ಜ್ವರ ಬಂದರೆ ಮೊದಲೇ ಡಾಕ್ಟರಿಗೆ ಹೇಳಬೇಕು."

"ಅಷ್ಟೇಯಾ?" ಎಂದರು ಅವರು. "ನಮ್ಮಲ್ಲಿ ಸಿಗಡಿ ತಿಂದರೆ ಮೈಯೆಲ್ಲ ತುರಿಸುವ ದದ್ದು ಏಳುವವರಿದ್ದಾರೆ. ಅವರಿಗೆ ಹೆಣ್ಣು ಸಿಗಲಿಲ್ಲವಾ? ಮತ್ತೆ, ಮಕ್ಕಳು ಹೇಗೂ ನಿಮ್ಮ ಕುಟುಂಬದವರು. ಮಾತ್ರೆಯ ಲೆಕ್ಕ ನೀವೇ ಇಟ್ಟುಕೊಳ್ಳಿ ತಾಯಿ. ನಮ್ಮ ಹುಡುಗನಿಗೆ ಊಟ ಹಾಕಿದರೆ ಆಯಿತು."

ಡಾಕ್ಟರಮ್ಮ ಮತ್ತೆ ಕನ್ನಡಕ ತೆಗೆದು ನಗತೊಡಗಿದರು. ಆಮೇಲೆ ಅವರು ದೊಡ್ಡವರ ಸಭೆಗಳಲ್ಲಿ ನಮ್ಮ ಮನೆಯ ನಕ್ಷೆಯನ್ನು ಹೆಸರಿಲ್ಲದೆ ತೋರಿಸಿದ್ದಾರಂತೆ. ಚೌಕಗಳ ಕೆಳಗೂ ಗೆರೆಗಳನ್ನು ಎಳೆದ ನಕ್ಷೆ. ಅದರಲ್ಲಿ ಒಂದು ವೃತ್ತ ನಾನು.

ಫರಂಗಿಪೇಟೆಯ ಕೊನೆಯ ಬಸ್ಸು ತಪ್ಪಿಹೋದ್ದರಿಂದ ಯಜಮಾನರು ಅಂದು ನಮ್ಮಲ್ಲೇ ಉಳಿದರು. ರಾತ್ರಿ ಊಟಕ್ಕೆ ಕುಚ್ಚಲಕ್ಕಿ ಅನ್ನ, ಡಾಕ್ಟರಮ್ಮನಿಗೆಂದು ಸೌತೆಕಾಯಿ ಹುಳಿ, ತೊಂಡೆಕಾಯಿಗೆ ಹಸಿ ಗೇರುಬೀಜ ಹಾಕಿದ ಪಲ್ಯ, ಉಳಿದವರಿಗೆ ಬಂಗುಡೆಯ ಪುಳಿಮುಂಚಿ. ಕೊನೆಗೆ ಅವಸರದಲ್ಲಿ ಕಾಸಿದ ಹೆಸರುಬೇಳೆ ಪಾಯಸ, ಬೆಲ್ಲ ಒಂದಿಷ್ಟು ಹೆಚ್ಚೇ ಬಿದ್ದಿತ್ತು. ಯಜಮಾನರು ಎರಡು ಸಲ ಹಾಕಿಸಿಕೊಂಡು, "ಹೋಟೆಲಿನವನಿಗೆ ಸಿಹಿ ಹೆಚ್ಚಾದರೆ ಗೊತ್ತಾಗ್ತದೆ, ಆದರೂ ಹಾಕಿ" ಎಂದರು. ನಾನು ಪಾತ್ರೆಗಳ ಜೊತೆ ಟ್ಯೂಬುಗಳನ್ನೂ ತೊಳೆದು ಒಳಗೆ ಬಂದಾಗ ಗಂಡಸರು ಇನ್ನೂ ಜಗಲಿಯಲ್ಲಿ ಮಾತಾಡುತ್ತಿದ್ದರು. ಅಡುಗೆಮನೆಯ ದೀಪ ಆರಿಸದೆ ಎಂದೂ ಚಾಪೆ ಬಿಚ್ಚದ ಅಕ್ಕ ಆ ದಿನ ಎಲ್ಲರಿಗಿಂತ ಮೊದಲು ಮಲಗಿದ್ದಳು, ಸೆರಗಿನಲ್ಲಿ ಕೈ ಒರೆಸಿಕೊಂಡ ಒದ್ದೆ ಇನ್ನೂ ಆರಿರಲಿಲ್ಲ.