ಬೀಮಿನ ಕೆಳಗೆ ಏಣಕ್ಕ

ಔಷಧಿ ಗೋದಾಮಿನಲ್ಲಿ ಏಣಿ ಇರಲಿಲ್ಲ. ಇದ್ದೊಂದು ಏಣಿ ಮುರಿದ ವರ್ಷವೇ ಅವಳು ಕೆಲಸಕ್ಕೆ ಸೇರಿದ್ದರಿಂದ ಹೊಸದನ್ನು ತರಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಮೇಲಿನ ಸಾಲಿನ ಪೆಟ್ಟಿಗೆ ಬೇಕಾದರೆ ಅವಳನ್ನು ಕೂಗಿದರಾಯಿತು. ಹಾಗೆ ಕೂಗಿ ಕೂಗಿ ಅವಳ ಹೆಸರು ಏಣಕ್ಕ ಎಂದೇ ನಿಂತುಬಿಟ್ಟಿತು. ಅವಳಿಗೂ ಅದರಲ್ಲಿ ಬೇಸರವಿರಲಿಲ್ಲ. ಅವಳ ಎತ್ತರ ಉಪಯೋಗಕ್ಕೆ ಬಂದ ಜಾಗ ಅದೊಂದೇ.

ಬೇರೆಲ್ಲ ಕಡೆ ಅದು ಅಡ್ಡಿಯೇ. ಶಾಲೆಯಲ್ಲಿ ಹಿಂದಿನ ಬೆಂಚು. ಮದುವೆಯ ಫೋಟೋದಲ್ಲಿ ಅವಳು ಕುರ್ಚಿಯ ಮೇಲೆ ಕೂತು, ಗಂಡ ಪಕ್ಕದಲ್ಲಿ ನಿಂತು. ಮಿಕ್ಕ ಹೆಣ್ಣುಮಕ್ಕಳಿಗೆ ತಾಯಂದಿರು ತಗ್ಗಿ ಬಗ್ಗಿ ನಡೆ ಎಂದರೆ ಅದು ನಡತೆಯ ಮಾತು. ಏಣಕ್ಕನ ತಾಯಿ ಹೇಳುತ್ತಿದ್ದದ್ದು ನಿಜವಾಗಿಯೂ ಬಗ್ಗು ಅಂತಲೇ. ಬಗ್ಗಿ ಬಗ್ಗಿ ಅವಳ ಕತ್ತಿನ ಹಿಂದೆ ಒಂದು ಸಣ್ಣ ದಿಬ್ಬ ಎದ್ದಿತ್ತು.

ಅವಳ ಮನೆಯ ಬೀದಿಗೆ ಟಾರು ಹಾಕುವವರು ಹಳೆಯದನ್ನು ಕೆರೆಯದೆ ಅದರ ಮೇಲೆಯೇ ಹೊಸದನ್ನು ಹಾಸುತ್ತ ಬಂದಿದ್ದರು. ಬೀದಿ ಏರಿತು, ಮನೆ ತಗ್ಗಿಗೆ ಬಿತ್ತು. ಜೋರು ಮಳೆ ಬಂದರೆ ನೀರು ಹೊಸ್ತಿಲು ದಾಟಿ, ಕರೆಯದೇ ಬಂದ ನೆಂಟರಂತೆ ನೇರ ಅಡುಗೆಮನೆಗೇ ಹೋಗಿ ಕೂರುತ್ತಿತ್ತು. ಆ ವರ್ಷ ಅಕ್ಕಿಯ ಡಬ್ಬವೇ ತೇಲಿದ ಮೇಲೆ, ಇಡೀ ಮನೆಯ ನೆಲವನ್ನು ಒಂದೂವರೆ ಅಡಿ ಎತ್ತರಿಸುವುದೆಂದು ತೀರ್ಮಾನವಾಯಿತು.

ಮೇಸ್ತ್ರಿ ಅಳತೆಗೆ ಬಂದಾಗ ಏಣಕ್ಕ ಗೋದಾಮಿನಲ್ಲಿದ್ದಳು. ಮುಂದಿನ ಕೋಣೆಯ ಮಾಡು ಎತ್ತರದ್ದು, ಅಲ್ಲಿ ಚಿಂತೆಯಿರಲಿಲ್ಲ. ಅಡುಗೆಮನೆಯದು ಮಾತ್ರ ತಗ್ಗು ಸ್ಲ್ಯಾಬು. ನಡುವೆ ಒಂದು ದಪ್ಪ ಬೀಮು ಬೇರೆ. ಮೇಸ್ತ್ರಿ ಟೇಪನ್ನು ಜೇಬಿನಿಂದ ತೆಗೆಯಲಿಲ್ಲ. ಹೊಸ ನೆಲದ ಮಟ್ಟಕ್ಕೆ ಇಟ್ಟಿಗೆ ಜೋಡಿಸಿ ಅದರ ಮೇಲೆ ಮನೆಯ ಯಜಮಾನನನ್ನು ನಿಲ್ಲಿಸಿ, ಕೈ ಎತ್ತಿಸುವುದು ಅವನ ಪದ್ಧತಿ. ಯಜಮಾನನ ಬೆರಳು ಸೂರಿಗೆ ತಾಗದಿದ್ದರೆ ಮನೆ ಸರಿ. ಏಣಕ್ಕನ ಗಂಡ ಗಡಿಯಾರ ರಿಪೇರಿಯವನು. ಗಡಿಯಾರದ ಒಳಗೇ ಹೋಗಿ ಕೆಲಸ ಮಾಡುತ್ತಾನೆ ಎಂದು ಬೀದಿಯವರು ನಗುವಷ್ಟು ಗಿಡ್ಡ. ಅವನ ಬೆರಳು ತಾಗಲಿಲ್ಲ.

"ಧಾರಾಳ ಆಯ್ತು" ಎಂದ ಮೇಸ್ತ್ರಿ.

ಸಂಜೆ ಮನೆಗೆ ಬಂದ ಏಣಕ್ಕ ಬೀಮಿನ ಕೆಳಗಿದ್ದ ಇಟ್ಟಿಗೆಗಳನ್ನು ಕಂಡಳು. ಚಪ್ಪಲಿ ಬಿಟ್ಟು ಅವುಗಳ ಮೇಲೆ ಹತ್ತಿದಳು. ಹಣೆ ಬೀಮಿಗೆ ಹೋಗಿ ಕುಟ್ಟಿತು.

ಮರುದಿನ ಕೆಲಸಕ್ಕೆ ರಜೆ ಹಾಕಿ ಮೇಸ್ತ್ರಿಗೆ ಕಾದು ಕೂತಳು.

"ಒಲೆಯಿಂದ ಸಿಂಕಿಗೆ ಹೋಗೋ ದಾರೀಲೇ ಈ ಬೀಮಿದೆ. ದಿನಕ್ಕೆ ಎಷ್ಟು ಸಲ ಓಡಾಡ್ತೀನಿ ಗೊತ್ತಾ ನಿಮಗೆ?"

"ಹಣೆ ಒಂಚೂರು ತಗ್ಗಿಸಿದ್ರೆ ಆಯ್ತಲ್ಲಕ್ಕ. ಎರಡು ಸಲ ತಾಗಿದ್ರೆ ಮೂರನೇ ಸಲ ತಲೆ ತಾನೇ ಬಗ್ಗುತ್ತೆ."

"ಬೀಮಿಗೆ ಹೇಳಿ ನೋಡಿ, ಅದು ಬಗ್ಗುತ್ತಾ ಅಂತ."

ಮೇಸ್ತ್ರಿ ತಲೆ ಕೆರೆದುಕೊಂಡ. "ಹಾಗಾದ್ರೆ ಮುಂದಿನ ಕೋಣೆ ಮಾತ್ರ ಎತ್ತರಿಸೋಣ. ಅಡುಗೆಮನೆ ಇದ್ದಂಗೇ ಇರಲಿ. ಎರಡು ಮೆಟ್ಟಿಲು ಇಳಿದು ಹೋದರಾಯ್ತು."

ಏಣಕ್ಕ ಬಾಗಿಲ ಬಳಿ ಕೂತಿದ್ದ ಅತ್ತೆಯ ಕಡೆ ನೋಡಿದಳು. ಅವರು ಎರಡೂ ಅಂಗೈಯನ್ನು ಮಂಡಿಗಳ ಮೇಲೆ ಇಟ್ಟುಕೊಂಡಿದ್ದರು. ಹಾಸಿಗೆಯಿಂದ ಏಳುವಾಗಲೂ ಆ ಮಂಡಿಗಳನ್ನು ಬೈದು, ಮುದ್ದಿಸಿ, ಎಬ್ಬಿಸಬೇಕಾಗುತ್ತಿತ್ತು.

"ಮೆಟ್ಟಿಲು ಬೇಡ, ಅತ್ತೆಗೆ ಆಗಲ್ಲ" ಎಂದಳು. "ನೆಲ ಎಲ್ಲ ಕಡೆ ಒಂದೇ ಸಮ ಇರಬೇಕು. ಸ್ಲ್ಯಾಬು, ಬೀಮು ಎರಡೂ ತೆಗೀರಿ. ಗೋಡೆ ಏರಿಸಿ ಶೀಟು ಹಾಕಿ."

ಅತ್ತೆಯ ಅಂಗೈ ಮಂಡಿಯಿಂದ ಎದ್ದಿತು. "ತೆಗೆಯೋದಾ? ಅದು ಅವರು ಹಾಕಿಸಿದ್ದು! ಸ್ಲ್ಯಾಬ್ ಹಾಕಿದ ಮೇಲೆ ಕೆಳಗೆ ನಿಂತು ಕೈ ಎತ್ತಿ, 'ನೋಡೇ, ನನಗೆ ನಿಲುಕೋದೇ ಇಲ್ಲ' ಅಂತ ಮಗು ಥರ ಕುಣಿದಿದ್ರು."

ತೀರಿಕೊಂಡಿದ್ದ ಮಾವ ಮಗನಿಗಿಂತಲೂ ಗಿಡ್ಡ. ಅವರಿಗೆ ನಿಲುಕದ್ದೆಲ್ಲ ಆಕಾಶವೇ. ಏಣಕ್ಕ ಮೇಸ್ತ್ರಿಯ ಕಡೆ ತಿರುಗಿ, ಒಡೆಯೋಕೆ ಎಷ್ಟಾಗುತ್ತೆ ಎಂದು ಕೇಳಿದಳು.

ಅಂದಿನಿಂದ ಅತ್ತೆ ಸೊಸೆಯ ಜೊತೆ ಮಾತು ಬಿಟ್ಟರು. ಬಿಟ್ಟರು ಅಂದರೆ ಮಗನ ಮೂಲಕ ದುಪ್ಪಟ್ಟು ಆಡಿದರು. "ನಿನ್ನ ಹೆಂಡತಿಗೆ ಹೇಳು, ಹಾಲು ಉಕ್ತಾ ಇದೆ." ಹೆಂಡತಿ ಹಾಲಿನ ಪಕ್ಕದಲ್ಲೇ ಇರುತ್ತಿದ್ದಳು. "ನಿನ್ನ ಹೆಂಡತಿಗೆ ಹೇಳು, ಇಷ್ಟು ವರ್ಷ ಬಗ್ಗಿದವಳಿಗೆ ಇನ್ನು ನಾಲ್ಕು ದಿನ ಬಗ್ಗಿದರೆ ಏನೂ ಆಗಲ್ಲ."

ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾಗಿದ್ದ ಗಂಡ ಮೆಲ್ಲಗೆ ಹೇಳಿದ: "ಅಮ್ಮನ ಮನಸ್ಸು ಯಾಕೆ ನೋಯಿಸೋದು? ಅಡುಗೆ ಮಾಡೋ ಹೊತ್ತಷ್ಟೇ ಅಲ್ವಾ. ಒಂಚೂರು ಬಗ್ಗೋದು ಏನು ಮಹಾ?"

ಏಣಕ್ಕ ಜಗಳವಾಡಲಿಲ್ಲ. ಭಾನುವಾರ ಬೆಳಗ್ಗೆ ಎದ್ದು, ಬಟ್ಟೆ ಒಣಗಿಸುವ ಹಗ್ಗವನ್ನು ಅಡುಗೆಮನೆಯ ಈ ಕಿಟಕಿಯಿಂದ ಆ ಕಿಟಕಿಗೆ ಕಟ್ಟಿದಳು, ಸರಿಯಾಗಿ ಗಂಡನ ಹಣೆಯ ಮಟ್ಟಕ್ಕೆ.

"ಇವತ್ತು ಅಡುಗೆ ನಿಮ್ಮದು. ಬಗ್ಗೋದು ಏನು ಮಹಾ ಅಂದ್ರಲ್ಲ, ನೋಡೋಣ."

ಅವನು ನಗುತ್ತಲೇ ಒಪ್ಪಿದ. ಚಹಾ ಮಾಡುವಾಗ ಹಗ್ಗ ಕನ್ನಡಕವನ್ನು ಎಗರಿಸಿತು. ತರಕಾರಿ ತೊಳೆಯುವ ಹೊತ್ತಿಗೆ ಬೈಗುಳ ಶುರುವಾಯಿತು. ಒಗ್ಗರಣೆಯ ಸಟ್ಟುಗ ಹಿಡಿದು ಓಡುವಾಗ ಹಗ್ಗ ಅವನ ಹಣೆಯ ಮೇಲೆ ಕೆಂಪು ಗೆರೆ ಎಳೆಯಿತು. ಮಧ್ಯಾಹ್ನವಾಗುತ್ತಲೇ ಅವನು ಬಗ್ಗಿದವನು ಬಗ್ಗಿಯೇ ಉಳಿದ. ಹಗ್ಗ ಇಲ್ಲದ ಕಡೆಯೂ ತಲೆ ಕೆಳಗೆ. ಊಟಕ್ಕೆ ಕೂತಾಗಲೂ ಕತ್ತು ಮುಂದಕ್ಕೇ ಜೋತಿತ್ತು.

ಅತ್ತೆಗೆ ಅದನ್ನು ನೋಡಲಾಗಲಿಲ್ಲ. ಮಗನ ಮೂಲಕ ಹೇಳಿಸುವುದನ್ನೂ ಮರೆತು ನೇರ ಸೊಸೆಗೇ ಕೂಗಿದರು: "ಬಿಚ್ಚೇ ಆ ಹಾಳು ಹಗ್ಗ! ನನ್ನ ಮಗನಿಗೆ ಗೂನು ಬರುತ್ತೆ!"

"ನನಗೆ, ಅತ್ತೆ?"

ಅಷ್ಟೇ ಕೇಳಿ ಅವಳು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅತ್ತೆಯ ಕಣ್ಣು ಅವಳ ಕತ್ತಿನ ದಿಬ್ಬದ ಮೇಲೆ ನಿಂತಿತು. ಪ್ರತಿದಿನ ಕಂಡದ್ದೇ, ಹುಟ್ಟುಮಚ್ಚೆಯಂತೆ ಅದೂ ಹುಟ್ಟುವಾಗಲೇ ಜೊತೆಗೆ ಬಂದದ್ದೆಂದು ಅವರು ತಿಳಿದಿದ್ದರು. ಬಹಳ ಹೊತ್ತು ಮಂಡಿ ಸವರುತ್ತ ಕೂತರು. ಸಂಜೆ ದೀಪ ಹಾಕಲು ಬಂದ ಸೊಸೆಗೆ ಗೋಡೆ ನೋಡುತ್ತ ಹೇಳಿದರು:

"ಒಡೆಸು. ಆದರೆ ಆ ಸದ್ದು ನನಗೆ ಕೇಳಬಾರದು. ಪಕ್ಕದ ಮನೆಗೆ ಹೋಗಿ ಕೂರ್ತೀನಿ."

ಒಡೆಯುವ ದಿನ ಹೋಗಿ ಕೂತರು, ಒಂದು ಗಳಿಗೆ. ಆಮೇಲೆ ಸೆರಗಿನಿಂದ ಮೂಗು ಮುಚ್ಚಿಕೊಂಡು ವಾಪಸು ಬಂದು, ಸುತ್ತಿಗೆಯವರಿಗೆ "ಮೆಲ್ಲಗಪ್ಪ, ಮೆಲ್ಲಗೆ. ಆಸೆಪಟ್ಟು ಕಟ್ಟಿಸಿದ್ದು" ಎನ್ನುತ್ತ ನಿಂತರು. ಬೀಮು ಬಿದ್ದಾಗ ಕಣ್ಣೊರೆಸಿಕೊಂಡರು. ಧೂಳು ಅಂದರು. ಏಣಕ್ಕ ಅವರ ತೋಳು ಹಿಡಿದು ನಿಂತಿದ್ದಳು. ಅವಳೂ ಧೂಳೇ ಅಂದಳು.

ಮುಂದಿನ ಕೋಣೆಯ ನೆಲವನ್ನು ಮೊದಲೇ ಎತ್ತರಿಸಿ ಮುಗಿಸಿದ್ದರು. ಅಡುಗೆಮನೆಯ ನೆಲ ಎತ್ತರಿಸುವುದು, ಗೋಡೆ ಏರಿಸುವುದು, ಶೀಟು ಹೊದಿಸುವುದು ಮುಗಿಯುವವರೆಗೆ ಮುಂದಿನ ಕೋಣೆಯಲ್ಲೇ ಒಲೆ, ಅಲ್ಲೇ ಹಾಸಿಗೆ. ಬಾಗಿಲಿನ ಚೌಕಟ್ಟನ್ನು ಮೇಲಕ್ಕೆ ಕೂರಿಸುವ ದಿನ ಮೇಸ್ತ್ರಿ ಯಜಮಾನನನ್ನು ಕರೆದ.

"ನನ್ನನ್ನಲ್ಲ" ಎಂದ ಗಂಡ, ಹೆಂಡತಿಯನ್ನು ಮುಂದೆ ತಳ್ಳುತ್ತ. "ಇವಳ ಅಳತೆಗೆ ಹಿಡೀರಿ. ನಾನು ಹೇಗೂ ಹೊಸ್ತಿಲ ಸಂದೀಲಿ ನುಸುಳ್ತೀನಿ."

ಹೊಸ ಅಡುಗೆಮನೆಯಲ್ಲಿ ಒಲೆ ಹೊತ್ತಿಸಿದ ಬೆಳಗ್ಗೆ ಹೊರಗೆ ಮಳೆ ಸುರಿಯುತ್ತಿತ್ತು. ನೀರು ಹೊಸ್ತಿಲ ಕೆಳಗೆ ತಡಕಾಡಿ ಚರಂಡಿಗೆ ತಿರುಗಿತು. ಅತ್ತೆ ಒಂದೇ ಸಮನಾದ ನೆಲದ ಮೇಲೆ ಕಾಲೆಳೆಯುತ್ತ ಬಂದು ಸ್ಟೂಲಿನ ಮೇಲೆ ಕೂತರು. ಒಲೆಯಿಂದ ಸಿಂಕಿಗೆ ಹೊರಟ ಏಣಕ್ಕ, ನಡುವೆ ಬಂದಾಗ, ಇಲ್ಲದ ಬೀಮಿಗೆ ಹೆದರಿ ತಲೆ ತಗ್ಗಿಸಿದಳು.

"ಏನೇ ಅದು!" ಅತ್ತೆ ಗದರಿದರು. "ಇದಕ್ಕಾ ನನ್ನ ಗಂಡನ ಸ್ಲ್ಯಾಬು ಒಡೆಸಿದ್ದು? ವಾಪಸು ಹೋಗು. ಇನ್ನೊಂದು ಸಲ ನಡಿ. ನೆಟ್ಟಗೆ!"

ಏಣಕ್ಕ ಪಾತ್ರೆ ಹಿಡಿದುಕೊಂಡೇ ಒಲೆಯವರೆಗೆ ಹಿಂದೆ ಹೋದಳು. ಮತ್ತೆ ನಡೆದಳು. ಕತ್ತಿನಲ್ಲಿ ಎಲ್ಲೋ ಒಂದು ಎಲುಬು ಲಟಕ್ಕೆಂದಿತು.

"ನೋವಾಯ್ತಾ?"

"ಆಯ್ತು ಅತ್ತೆ."

"ಆಗಲಿ. ಇನ್ನೊಂದು ಸಲ ನಡಿ."